ಎರಡು ಕೀ ಇದ್ದವನೇ ಯಜಮಾನ

ಕೀ ಬಿದ್ದ ಸದ್ದು ಕೇಳಿಸಲಿಲ್ಲ. ಹಿಮದ ಮೇಲೆ ಏನು ಬಿದ್ದರೂ ಸದ್ದಾಗುವುದಿಲ್ಲ. ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಮುಂದೆ ರಾತ್ರಿಯಿಡೀ ಸುರಿದಿದ್ದ ಹಿಮವನ್ನು ಬೆಳಿಗ್ಗೆ ಸಲಿಕೆಯಲ್ಲಿ ಬಾಚಿ ಬಾಚಿ ಹುಲ್ಲಿನ ಮೇಲೆ ಎಸೆಯುತ್ತಿದ್ದೆ. ದಾರಿ ತೆರವಾದ ಮೇಲೆ ಕಾರಿನ ಹತ್ತಿರ ಬಂದು ಜೇಬಿಗೆ ಕೈ ಹಾಕಿದರೆ ಕೀ ಇಲ್ಲ. ಪಕ್ಕದಲ್ಲಿ ಎದೆಮಟ್ಟದ ಹಿಮದ ಗುಡ್ಡೆ. ನನ್ನ 2003ರ ಫೋರ್ಡ್ ಟಾರಸ್ ಕಾರಿಗಿದ್ದ ಎರಡು ಕೀಗಳಲ್ಲಿ ಒಂದು ಅದರ ಹೊಟ್ಟೆ ಸೇರಿತ್ತು.

"ಎಲ್ಲಿಗೆ ಹೋಗತ್ತೆ? ಏಪ್ರಿಲ್‌ನಲ್ಲಿ ಕರಗಿದಾಗ ಸಿಗತ್ತೆ ಬಿಡಿ" ಎಂದಳು ಹೆಂಡತಿ, ಬಾಗಿಲಲ್ಲಿ ಕಾಫಿ ಲೋಟ ಹಿಡಿದುಕೊಂಡು. ಆಗಿನ್ನೂ ಫೆಬ್ರವರಿ.

ಅಡುಗೆಮನೆಯ ಡ್ರಾಯರಿನಲ್ಲಿದ್ದ ಎರಡನೆಯ ಕೀಯಿಂದ ಆ ದಿನದ ಕೆಲಸವೇನೋ ನಡೆಯಿತು. ಆದರೆ ಒಂಟಿ ಕೀ ಇಟ್ಟುಕೊಂಡು ಎಷ್ಟು ದಿನ ಓಡಾಡುವುದು? ಡೀಲರ್ ಒಬ್ಬರಿಗೆ ಫೋನ್ ಮಾಡಿದೆ. ಕೀಗೆ ಇಷ್ಟು, ಕತ್ತರಿಸುವುದಕ್ಕೆ ಇಷ್ಟು, 'ಪ್ರೋಗ್ರಾಮ್' ಮಾಡುವುದಕ್ಕೆ ಇಷ್ಟು ಎಂದು ಕೂಡಿಸಿ ಅವರು ಹೇಳಿದ ಮೊತ್ತ ಇನ್ನೂರು ಡಾಲರ್ ದಾಟಿತ್ತು. ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನು ಹೇಳಿ ತಪ್ಪು ಮಾಡಿದೆ. "ಒಂದು ಕೀಗಾ? ಇಲ್ಲಿ ಮಾರ್ಕೆಟ್ ಹತ್ರ ಛತ್ರಿ ಕೆಳಗೆ ಕೂತವನು ಅರ ತಗೊಂಡು ಹತ್ತು ನಿಮಿಷದಲ್ಲಿ ಉಜ್ಜಿ ಕೊಡ್ತಾನಲ್ಲೋ!"

ಅಪ್ಪನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉಳಿದಿದ್ದ ಕೀಯನ್ನು ತೋರಿಸಿ, ಬರೀ ಲೋಹದ ಒಂದು ನಕಲು ಕಡಿಸಿಕೊಂಡು ಬಂದೆ. ಎರಡು ಡಾಲರ್ ಚಿಲ್ಲರೆ. ಬಾಗಿಲು ತೆರೆಯಿತು. ಸ್ಟಿಯರಿಂಗ್ ಪಕ್ಕದ ತೂತಿನಲ್ಲಿ ಸಲೀಸಾಗಿ ತಿರುಗಿತು. ರೇಡಿಯೊ ಹಾಡಿತು. ಆದರೆ ಡ್ಯಾಶ್‌ಬೋರ್ಡಿನ ಮೇಲಿದ್ದ ಕೆಂಪು ದೀಪವೊಂದು ಹುಚ್ಚೆದ್ದಂತೆ ಪಟಪಟ ಮಿಟುಕತೊಡಗಿತು, ಎಂಜಿನ್ ಮಾತ್ರ ಜಪ್ಪಯ್ಯ ಎಂದರೂ ಹತ್ತಲಿಲ್ಲ. ಹಲ್ಲುಗಳೆಲ್ಲ ಕೂಡಿ ಬಂದಿದ್ದವು. ಕೀ ಕೂಡಿ ಬಂದಿರಲಿಲ್ಲ.

ನಾವು ಇದನ್ನು ಬೀಗದ ಕೈ ಎನ್ನುತ್ತೇವೆ. ಬೀಗಕ್ಕೆ ಒಂದು ಕೈ, ಆ ಕೈ ಯಾರ ಕೈಯಲ್ಲಿದೆಯೋ ಅವರದೇ ಮನೆ. ಅಜ್ಜಿಯ ಸೊಂಟದಲ್ಲಿ ಗೊಂಚಲು ತೂಗುತ್ತಿದ್ದ ಕಾಲದಿಂದ ಇದೇ ಲೆಕ್ಕ. ನನ್ನ ಟಾರಸ್ ಈ ಲೆಕ್ಕವನ್ನು ಒಪ್ಪಲಿಲ್ಲ. ಕೈ ಸಾಲದು, ಬಾಯಿಯೂ ಬೇಕು ಎನ್ನುತ್ತಿತ್ತು ಅದು.

ಆ ಬಾಯಿ ಎಲ್ಲಿರುತ್ತದೆ ಎಂದು ನೋಡುವ ಆಸೆಗೆ ಚಿಪ್ ಇರುವ ಖಾಲಿ ಕೀಗಳನ್ನು ಎರಡು ತರಿಸಿದೆ. ಒಂದೊಂದಕ್ಕೆ ಇಪ್ಪತ್ತು ಡಾಲರ್ ಒಳಗೇ ಬಂತು. ಅದರಲ್ಲೊಂದರ ಕಪ್ಪು ಪ್ಲಾಸ್ಟಿಕ್ ತಲೆಯನ್ನು ಚಾಕುವಿನ ತುದಿಯಿಂದ ಮೀಟಿ ಬಿಡಿಸಿದಾಗ ಒಳಗಿನಿಂದ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ತುಣುಕೊಂದು ಬಿತ್ತು. ಉದ್ದ 12 ಮಿಲಿಮೀಟರ್, ಅಗಲ 6, ದಪ್ಪ 3. ಒಂದು ಕಡೆ ಬೆಣೆಯ ಹಾಗೆ ಇಳಿಜಾರು. ತಂತಿ ಹೊರಗೆ ಬಂದಿಲ್ಲ, ಲೋಹದ ಅಲಗಿಗೆ ಯಾವ ಸಂಪರ್ಕವೂ ಇಲ್ಲ. ಬ್ಯಾಟರಿ ಇಲ್ಲವೇ ಇಲ್ಲ. ಆ ಬೀಜದೊಳಗೆ ಫೆರೈಟ್ ಕಡ್ಡಿಗೆ ಸುತ್ತಿದ, ಕೂದಲಿಗಿಂತ ತೆಳ್ಳಗಿನ ತಾಮ್ರದ ಸುರುಳಿ, ಒಂದು ಕೆಪಾಸಿಟರ್, ಒಂದು ಸಿಲಿಕಾನ್ ಚೂರು ಇರುತ್ತವೆ. ಅಷ್ಟೇ.

ಈಗ ಕಾರಿನ ಕಡೆ ನೋಡಿ. ಕೀ ಹಾಕುವ ತೂತಿನ ಸುತ್ತ, ಪ್ಲಾಸ್ಟಿಕ್ ಮುಚ್ಚಳದ ಮರೆಯಲ್ಲಿ, ಬಳೆಯಂಥ ಒಂದು ತಂತಿಸುರುಳಿ ಕೂತಿರುತ್ತದೆ. ಕೀ ತಿರುಗಿಸಿದ ಕ್ಷಣ ಅದರಲ್ಲಿ ಸೆಕೆಂಡಿಗೆ 1,34,200 ಸಲ ಅತ್ತ ಹೋಗಿ ಇತ್ತ ಬರುವ ವಿದ್ಯುತ್ತು ಹರಿಯುತ್ತದೆ. ಅದರ ಕಾಂತಕ್ಷೇತ್ರ ಕೀಯೊಳಗಿನ ಸುರುಳಿಯನ್ನು ತಟ್ಟಿ ಅಲ್ಲೂ ವಿದ್ಯುತ್ತು ಹುಟ್ಟಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸಂಗತಿಯೇ ಇದು; ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೂಡ ಇದನ್ನೇ ಮಾಡುತ್ತದೆ. ಇಲ್ಲಿ ಅರ್ಧ ಟ್ರಾನ್ಸ್‌ಫಾರ್ಮರ್ ಕಾರಿನಲ್ಲಿದೆ, ಇನ್ನರ್ಧ ನಿಮ್ಮ ಜೇಬಿನಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಚಿಪ್‌ಗಳಲ್ಲಿ ಹೀಗೆ ತುಂಬಿಸಿಕೊಳ್ಳಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಬಳೆ ಸುಮ್ಮನಾಗುತ್ತದೆ. ಕೆಪಾಸಿಟರೆಂಬ ಪುಟ್ಟ ಚೊಂಬಿನಲ್ಲಿ ತುಂಬಿಕೊಂಡ ಶಕ್ತಿಯಿಂದ ಈಗ ಕೀ ಮಾತಾಡುತ್ತದೆ: 134.2 ಕಿಲೋಹರ್ಟ್ಸ್‌ನ ಒಂದು ಸೀಟಿ, 123.2 ಕಿಲೋಹರ್ಟ್ಸ್‌ನ ಇನ್ನೊಂದು ಸೀಟಿ. ಒಂದು ಸೀಟಿಗೆ ಸೊನ್ನೆ, ಇನ್ನೊಂದಕ್ಕೆ ಒಂದು. ಚೊಂಬು ಖಾಲಿಯಾಗುವಷ್ಟರಲ್ಲಿ ಹೇಳಬೇಕಾದ್ದು ಮುಗಿದಿರುತ್ತದೆ.

ಬೇರೆ ಕಂಪನಿಗಳ ಚಿಪ್‌ಗಳು 125 ಕಿಲೋಹರ್ಟ್ಸ್ ಬಳಸುತ್ತವೆ, ಮಾತಾಡುವ ರೀತಿಯೂ ಕೊಂಚ ಬೇರೆ. ಎಲ್ಲರೂ ಇಷ್ಟು ತಗ್ಗಿನ ಕಂಪನವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಕೀಯ ಪಿಸುಮಾತು ಅದರ ಕಾಲುಭಾಗಕ್ಕಿಂತಲೂ ಕೆಳಗೆ. ಇದರ ಅಲೆಯುದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ಎರಡು ಸೆಂಟಿಮೀಟರಿನ ಅಂತರ ಅಂತರವೇ ಅಲ್ಲ, ಹಾಗಾಗಿ ಇದನ್ನು ರೇಡಿಯೊ ಎಂದು ಕರೆಯುವುದೇ ಅಷ್ಟು ಸರಿಯಲ್ಲ. ಇದು ಕಾಂತದ ಸ್ಪರ್ಶ. ದೂರಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಸಾಕುನಾಯಿಯ ಹೆಗಲ ಚರ್ಮದಡಿ ಪಶುವೈದ್ಯರು ಚುಚ್ಚುವ ಅಕ್ಕಿಕಾಳಿನಂಥ ಗಾಜಿನ ಚಿಪ್ ಇದರ ಒಡಹುಟ್ಟು: ಅದೇ 134.2, ಅದೇ ಬ್ಯಾಟರಿಯಿಲ್ಲದ ಬಾಳು, ಕೇಳಿದಾಗ ಹೇಳುವುದು ತನ್ನ 15 ಅಂಕಿಯ ಹೆಸರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನನ್ನ ಸ್ನೇಹಿತರಲ್ಲಿ ಅರ್ಧ ಜನಕ್ಕೆ ಇದೆ. ಗುಂಡಿ ಒತ್ತಿ ಬಾಗಿಲು ತೆರೆಯುವ ರಿಮೋಟ್ ಬೇರೆ, ಎಂಜಿನ್ನಿಗೆ ಅಪ್ಪಣೆ ಕೊಡುವ ಚಿಪ್ ಬೇರೆ. ಒಂದೇ ಪ್ಲಾಸ್ಟಿಕ್ಕಿನೊಳಗೆ ಇದ್ದರೂ ಒಂದೇ ಮನೆಯ ಎರಡು ಸಂಸಾರ. ರಿಮೋಟಿನ ಬ್ಯಾಟರಿ ಸತ್ತರೆ ಬಾಗಿಲನ್ನು ಕೈಯಿಂದ ತೆರೆಯಬೇಕಾದೀತೇ ಹೊರತು ಎಂಜಿನ್ ಎಂದಿನಂತೆ ಹತ್ತುತ್ತದೆ. 'ಬ್ಯಾಟರಿ ಹಾಕಿಸಿದೆ, ಆದರೂ ಸ್ಟಾರ್ಟ್ ಆಗ್ತಿಲ್ಲ' ಎಂದು ಗೋಳಾಡುವವರು ತಪ್ಪು ಮನೆಯ ಬಾಗಿಲು ಬಡಿಯುತ್ತಿರುತ್ತಾರೆ.

ಹಳೆಯ ಸಿನಿಮಾಗಳಲ್ಲಿ ಕಳ್ಳ ಸ್ಟಿಯರಿಂಗ್ ಕೆಳಗೆ ಕೈ ಹಾಕಿ ಎರಡು ವೈರು ಎಳೆದು ಕಿಡಿ ಹಾರಿಸಿ ಕಾರು ಓಡಿಸಿಕೊಂಡು ಹೋಗುತ್ತಾನಲ್ಲ, ಅದು ಬರೀ ಕಥೆಯಲ್ಲ. ಕಾರ್ಬುರೇಟರ್ ಕಾಲದ ಎಂಜಿನ್ನಿಗೆ ಕಿಡಿ ಸಿಕ್ಕರೆ ಸಾಕಿತ್ತು. ಕೊಟ್ಟವನು ಯಾರು ಎಂದು ಅದು ಕೇಳುತ್ತಿರಲಿಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸಕ್ಕೆ ಕಂಪ್ಯೂಟರ್ ಬಂದು ಕೂತ ಮೇಲೆ, ಕೇಳುವವನೊಬ್ಬ ಹುಟ್ಟಿಕೊಂಡ. ಮೊದಲು ಕೇಳಿಸಿದ್ದು ಜನರಲ್ ಮೋಟಾರ್ಸ್‌ನವರು, 1986ರ ಕಾರ್ವೆಟ್ ಕಾರಿನಲ್ಲಿ. ಅದರಲ್ಲಿ ಚಿಪ್ ಇರಲಿಲ್ಲ. ಕೀಯ ಅಲಗಿನಲ್ಲಿ ಒಂದು ಕಪ್ಪು ಗುಳಿಗೆ, ಗುಳಿಗೆಯೊಳಗೆ ಒಂದು ರೆಸಿಸ್ಟರ್. ಅದರ ಓಮ್ ಬೆಲೆ 15 ಬಗೆಗಳಲ್ಲಿ ಒಂದು. ಸರಿಯಾದದ್ದು ಸಿಗದಿದ್ದರೆ ಕಾರು ಕೆಲವು ನಿಮಿಷ ಮುನಿಸಿಕೊಂಡು ಕೂರುತ್ತಿತ್ತು. ಹದಿನೈದೇ ಬಗೆ, ಪ್ರತಿ ತಪ್ಪಿಗೂ ನಾಲ್ಕಾರು ನಿಮಿಷ: ಕಳ್ಳನಿಗೆ ಒಂದು ಗಂಟೆಯ ಕೆಲಸ. ಅಷ್ಟು ಹೊತ್ತು ಪಾರ್ಕಿಂಗ್ ಲಾಟಿನಲ್ಲಿ ಕೂರುವ ಕಳ್ಳ ಅಪರೂಪ ಎಂಬುದೇ ಅದರ ಭದ್ರತೆ. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಗುಳಿಗೆಯ ಸಂಪರ್ಕ ಸವೆದಾಗ ನಿಜವಾದ ಯಜಮಾನನೂ ಕಳ್ಳನ ಸಾಲಿಗೆ ಸೇರುತ್ತಿದ್ದ. ಹುಷಾರಿಯಿದ್ದವರು ಮಲ್ಟಿಮೀಟರಿನಿಂದ ಕೀಯ ಓಮ್ ಅಳೆದು, ಅಷ್ಟೇ ಬೆಲೆಯ ರೆಸಿಸ್ಟರನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬೆಸುಗೆ ಹಾಕಿಬಿಡುತ್ತಿದ್ದರು. ಮನೆಯಲ್ಲೇ ಕೀ ರಿಪೇರಿ ಎಂಬ ಪರಂಪರೆ ಹೀಗೆ ಕೆಲವು ಸೆಂಟಿನ ರೆಸಿಸ್ಟರಿನಿಂದ ಶುರುವಾಗುತ್ತದೆ.

ಚಿಪ್ ಬಂದದ್ದು 1990ರ ದಶಕದಲ್ಲಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಜರ್ಮನಿಯ ಕಾರುಗಳು ಸಾಲುಸಾಲಾಗಿ ಪೂರ್ವದ ಗಡಿ ದಾಟಿ ಮಾಯವಾಗತೊಡಗಿದಾಗ ಅಲ್ಲಿನ ವಿಮಾ ಕಂಪನಿಗಳು ಪಟ್ಟು ಹಿಡಿದವು. 1995ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್, ಅಂದರೆ ಗುರುತು ಸಿಗದೆ ಎಂಜಿನ್ ಹತ್ತಗೊಡದ ಈ ಏರ್ಪಾಡು, ಬಂತು. 1998ರ ಅಕ್ಟೋಬರಿನಿಂದ ಯುರೋಪಿನ ಒಕ್ಕೂಟದಲ್ಲೆಲ್ಲ ಹೊಸ ಕಾರಿಗೆ ಇದು ಕಡ್ಡಾಯ. ಫಲ ಸಿಕ್ಕಿತೇ? ಯಾನ್ ವಾನ್ ಔರ್ಸ್ ಮತ್ತು ಬೆನ್ ವೊಲಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸಿನ 1995ರಿಂದ 2008ರವರೆಗಿನ ಲೆಕ್ಕ ತೆಗೆದು, ಈ ಹುಣಸೆ ಬೀಜದ ದೆಸೆಯಿಂದ ಕಾರು ಕಳ್ಳತನ ಸರಾಸರಿ ಶೇಕಡಾ 40ರಷ್ಟು ಇಳಿಯಿತು ಎಂದರು.

ಅಮೆರಿಕದಲ್ಲಿ ಇಂಥ ಕಾನೂನು ಇಲ್ಲ. ಅದರ ಬೆಲೆ ತಡವಾಗಿ ತೆರಬೇಕಾಯಿತು. 2015ರ ಮಾದರಿಗಳಲ್ಲಿ ಉಳಿದ ಕಂಪನಿಗಳ ಶೇಕಡಾ 96 ಕಾರುಗಳಿಗೆ ಇಮೊಬಿಲೈಸರ್ ತಾನಾಗಿ ಬರುತ್ತಿದ್ದಾಗ ಹ್ಯೂಂಡೈ ಮತ್ತು ಕಿಯಾಗಳಲ್ಲಿ ಬರುತ್ತಿದ್ದದ್ದು ಶೇಕಡಾ 26ಕ್ಕೆ. 2021ರ ಹೊತ್ತಿಗೆ ಹುಡುಗರು ಸ್ಟಿಯರಿಂಗಿನ ಮುಚ್ಚಳ ಕಿತ್ತು, ಯುಎಸ್‌ಬಿ ಕೇಬಲ್ಲಿನ ತುದಿಯನ್ನೇ ಕೀ ಮಾಡಿಕೊಂಡು ತಿರುಗಿಸುವ ವಿಡಿಯೊಗಳು ಹರಿದಾಡಿದವು. ಪಕ್ಕದ ಕೆನಡಾದಲ್ಲಿ 2007ರಿಂದ ಕಾನೂನು ಇದ್ದದ್ದರಿಂದ ಅವೇ ಕಂಪನಿಗಳ ಕಾರುಗಳು ಅಲ್ಲಿ ಚಿಪ್ ಹೊತ್ತೇ ಬಂದಿದ್ದವು. ಇನ್ನೂರು ಡಾಲರ್ ಎಂದು ನಾನು ಗೊಣಗಿದ್ದು ನಿಜ, ಆದರೆ ಚಿಪ್ಪೇ ಬೇಡ ಎನ್ನುವಷ್ಟು ಗೊಣಗಲಾರೆ.

ಮೊದಲ ಚಿಪ್‌ಗಳು ನಾಯಿಯ ಚಿಪ್ಪಿನಂತೆ ಬರೀ ಹೆಸರು ಹೇಳುತ್ತಿದ್ದವು. ಯಾರಾದರೂ ಕದ್ದು ಕೇಳಿಸಿಕೊಂಡರೆ ಮುಗಿಯಿತು, ಅದೇ ಹೆಸರನ್ನು ಅವರೂ ಹೇಳಬಹುದು. ಹಾಗಾಗಿ ಮುಂದಿನ ತಲೆಮಾರಿನ ಕೀಗಳಿಗೆ ಕಾರು ಹೆಸರು ಕೇಳುವುದಿಲ್ಲ, ಒಗಟು ಹಾಕುತ್ತದೆ. ಮದುವೆ ಮನೆಯಲ್ಲಿ ಹೊಸ್ತಿಲಿಗೆ ಅಡ್ಡ ನಿಂತು ಹೆಸರನ್ನು ಒಡಪಿನಲ್ಲಿ ಹೇಳಿಸುವವರನ್ನು ನೆನೆಸಿಕೊಳ್ಳಿ. ಬಾಗಿಲ ಮರೆಯಲ್ಲಿ ನಿಂತು ನಿನ್ನೆಯ ಒಡಪನ್ನು ಬಾಯಿಪಾಠ ಮಾಡಿದವರಿಗೆ ಇವತ್ತು ಪ್ರವೇಶವಿಲ್ಲ, ಇವತ್ತಿನದು ಹೊಸದಾಗಬೇಕು. ಕಾರು ಪ್ರತಿ ಸಲವೂ ಮನಬಂದಂತೆ ಹೊಸದೊಂದು ಸಂಖ್ಯೆ ಕೊಡುತ್ತದೆ. ಕೀ ತನ್ನೊಳಗಿನ ಗುಟ್ಟಿನ ಸಂಖ್ಯೆಯೊಂದಿಗೆ ಅದನ್ನು ಕಲಸಿ ಉತ್ತರ ಹೇಳುತ್ತದೆ. ಅದೇ ಗುಟ್ಟು ಬಲ್ಲ ಕಾರು ತಾನೂ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಗುಟ್ಟು ಮಾತ್ರ ಗಾಳಿಗೆ ಬರುವುದೇ ಇಲ್ಲ.

ಆ ಕಾಲದ ಫೋರ್ಡ್ ಕೀಗಳಲ್ಲಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಲೆಕ್ಕ ಹೀಗಿದೆ. ಕಾರಿನ ಪ್ರಶ್ನೆ 40 ಬಿಟ್. ಗುಟ್ಟೂ 40 ಬಿಟ್. ಉತ್ತರ 24 ಬಿಟ್. 24 ಬಿಟ್ ಎಂದರೆ 1,67,77,216 ಬಗೆಯ ಉತ್ತರಗಳು. ಕುರುಡಾಗಿ ಒಂದು ಹೇಳಿ ಗೆಲ್ಲುವ ಆಸೆ ಬೇಡ. ಗುಟ್ಟಿನ ಸಾಧ್ಯತೆಗಳು ಸುಮಾರು 1 ಲಕ್ಷ 10 ಸಾವಿರ ಕೋಟಿ. ಸೆಕೆಂಡಿಗೆ ಒಂದರಂತೆ ಪರೀಕ್ಷಿಸುತ್ತ ಕೂತರೆ 34 ಸಾವಿರ ವರ್ಷ ದಾಟುತ್ತದೆ.

ಆದರೆ ಸೆಕೆಂಡಿಗೆ ಒಂದೇ ಏಕೆ ಪರೀಕ್ಷಿಸಬೇಕು? 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬೊರೇಟರೀಸ್‌ನ ಸಂಶೋಧಕರು ಕೇಳಿದ್ದು ಇದನ್ನೇ. ಚಿಪ್ ಹೇಗೆ ಕಲಸುತ್ತದೆ ಎಂಬುದನ್ನು ಕಂಪನಿ ಗುಟ್ಟಾಗಿ ಇಟ್ಟಿತ್ತು. ಅವರ ಕೈಗೆ ಸಿಕ್ಕಿದ್ದು ಒಂದು ಒರಟು ನಕ್ಷೆ ಮಾತ್ರ. ಚಿಪ್ಪಿಗೆ ಬೇಕೆಂದೇ ಆರಿಸಿದ ಪ್ರಶ್ನೆಗಳನ್ನು ಹಾಕುತ್ತ, ಉತ್ತರ ನೋಡುತ್ತ, ನಕ್ಷೆಯಲ್ಲಿ ಬಿಟ್ಟುಹೋದದ್ದನ್ನೆಲ್ಲ ತುಂಬಿಕೊಂಡರು. ಆಮೇಲೆ ಬೇಕಾದ ಲೆಕ್ಕಕ್ಕೆ ಒಗ್ಗಿಸಿಕೊಳ್ಳಬಹುದಾದ 16 ಎಫ್‌ಪಿಜಿಎ ಚಿಪ್‌ಗಳನ್ನು ಸಾಲಾಗಿ ದುಡಿಸಿ, ಒಂದು ಗಂಟೆಯೊಳಗೆ ಗುಟ್ಟನ್ನು ಹೊರಗೆಳೆದರು. ಅವರಿಗೆ ಬೇಕಾದದ್ದು ಎರಡೇ ಎರಡು ಪ್ರಶ್ನೋತ್ತರ. ಒಂದೇ ಸಾಲದೆ? ಸಾಲದು. ಗುಟ್ಟು 40 ಬಿಟ್, ಉತ್ತರ 24 ಬಿಟ್ ಆದ್ದರಿಂದ ಒಂದು ಉತ್ತರಕ್ಕೆ ಹೊಂದುವ ಗುಟ್ಟುಗಳು 65,536ರಷ್ಟು ಉಳಿದುಬಿಡುತ್ತವೆ. ಎರಡನೆಯ ಉತ್ತರವನ್ನು ಅವುಗಳ ಮೇಲೆ ಹಿಡಿದರೆ ಉಳಿಯುವುದು ಒಂದೇ. ಅವರು ತಮ್ಮದೇ 2005ರ ಫೋರ್ಡ್ ಕಾರನ್ನು ಹೀಗೆ ಹೊರಗೆಳೆದ ಗುಟ್ಟಿನಿಂದಲೇ ಸ್ಟಾರ್ಟ್ ಮಾಡಿ ತೋರಿಸಿದರು. ಬಂಕಿನಲ್ಲಿ ಹಣ ಕೊಡಲು ಬಳಸುತ್ತಿದ್ದ, ಅದೇ ಜಾತಿಯ ಚಿಪ್ ಇದ್ದ ಬಿಲ್ಲೆಯನ್ನು ನಕಲು ಮಾಡಿ ಪೆಟ್ರೋಲನ್ನೂ ಹಾಕಿಸಿಕೊಂಡರು.

ಬೀಗದ ರಚನೆ ಶತ್ರುವಿಗೆ ಗೊತ್ತಾದರೂ ಕೀ ಒಂದು ಗುಟ್ಟಾಗಿದ್ದರೆ ಸಾಕು, ಹಾಗೆ ಬೀಗ ಮಾಡಬೇಕು ಎಂದು ಗೂಢಲಿಪಿಯ ಪಂಡಿತ ಆಗಸ್ಟ್ ಕೆರ್ಕಾಫ್ಸ್ ಬರೆದದ್ದು 1883ರಲ್ಲಿ. ಕಾರು ಉದ್ಯಮ ಅದನ್ನು ಓದಲು ನೂರಾ ಇಪ್ಪತ್ತು ವರ್ಷ ತೆಗೆದುಕೊಂಡಿತು ಎಂದರೆ ನನ್ನ ಮಾತು ಸ್ವಲ್ಪ ಖಾರವಾದೀತು, ಸುಳ್ಳಾಗದು. ಹಿಟ್ಯಾಗ್-2 ಎಂಬ ಇನ್ನೊಂದು ಚಿಪ್ ಕಾರ್ಖಾನೆಯಿಂದ ಬರುವಾಗ ಅದರಲ್ಲಿ ತುಂಬಿರುವ ಗುಟ್ಟಿನ ಅಂಕಿಗಳನ್ನು ಅಕ್ಷರಗಳಾಗಿ ಓದಿದರೆ ಅದನ್ನು ಮಾಡಿದ ಆಸ್ಟ್ರಿಯಾದ ಕಂಪನಿಯ ಹೆಸರು, 'ಮಿಕ್ರಾನ್', ಹಿಂದುಮುಂದಾಗಿ ಇಣುಕುತ್ತದೆ. ಮನೆಗೆ ಬೀಗ ಹಾಕಿ ಕೀಯನ್ನು ಚಪ್ಪಲಿ ಸ್ಟ್ಯಾಂಡಿನ ಕೆಳಗಿಟ್ಟ ಹಾಗೆ. ಕಾರಿಗೆ ಜೋಡಿಸುವಾಗ ಅದನ್ನು ಬದಲಿಸಬೇಕು ಎಂಬುದು ಉದ್ದೇಶ. ಮೆಗಾಮೋಸ್ ಎಂಬ ಮೂರನೆಯ ಚಿಪ್ಪಿನ ದೌರ್ಬಲ್ಯ ಕಂಡುಹಿಡಿದ ಮೂವರ ಪ್ರಬಂಧವನ್ನು ಫೋಕ್ಸ್‌ವ್ಯಾಗನ್ 2013ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ತಡೆಹಿಡಿಸಿತು. ಅದು ಅಚ್ಚಾದದ್ದು 2015ರಲ್ಲಿ, ಒಂದೇ ಒಂದು ವಾಕ್ಯ ಕಳೆದುಕೊಂಡು.

ಇದೆಲ್ಲ ಗುಟ್ಟನ್ನು ಕದಿಯುವವರ ಮಾತು. ನನ್ನ ಕಷ್ಟ ಬೇರೆ. ನಾನು ಏನನ್ನೂ ಕದಿಯಬೇಕಾಗಿರಲಿಲ್ಲ. ಹೊಸ ಕೀಯನ್ನು ನನ್ನ ಕಾರಿಗೆ ಪರಿಚಯ ಮಾಡಿಸಬೇಕಿತ್ತು, ಅಷ್ಟೇ. ಪರಿಚಯ ಮಾಡಿಸುವ ಹಕ್ಕು ಯಾರದು? ಯಜಮಾನನದು. ಯಜಮಾನ ಯಾರು? ಕಾರಿಗೆ ಕಣ್ಣಿಲ್ಲ, ಅದು ಆರ್‌ಸಿ ಪುಸ್ತಕ ಓದುವುದಿಲ್ಲ. ಎಂಜಿನಿಯರುಗಳು ಯಜಮಾನಿಕೆಗೆ ಒಂದು ಲಕ್ಷಣ ಹೇಳಿಕೊಡಬೇಕಾಯಿತು, ಒಬ್ಬೊಬ್ಬರು ಒಂದೊಂದು ಹೇಳಿಕೊಟ್ಟರು.

ಜನರಲ್ ಮೋಟಾರ್ಸ್‌ನ ಹಲವು ಹಳೆಯ ಮಾದರಿಗಳ ಪ್ರಕಾರ ತಾಳ್ಮೆಯಿದ್ದವನೇ ಯಜಮಾನ. ಹೊಸ ಕೀ ಹಾಕಿ ಆನ್ ಮಾಡಿ ಸುಮ್ಮನೆ ಕೂರಬೇಕು. ಹತ್ತು ನಿಮಿಷಕ್ಕೆ ದೀಪ ಆರುತ್ತದೆ. ಆಫ್ ಮಾಡಿ ಮತ್ತೆ ಆನ್, ಮತ್ತೆ ಹತ್ತು ನಿಮಿಷ. ಹೀಗೆ ಮೂರು ಸಲ. ಅರ್ಧ ಗಂಟೆ ಯಾರು ಕೂತರೋ ಅವರದೇ ಕಾರು, ಹಳೆಯ ಕೀಗಳ ನೆನಪು ಅಳಿಸಿ ಹೋಗುತ್ತದೆ. ಕಾರ್ವೆಟ್ಟಿನ ಗುಳಿಗೆಯ ತರ್ಕವೇ ಇದು: ಕಳ್ಳನಿಗೆ ಪುರುಸೊತ್ತಿಲ್ಲ. (ಬ್ಯಾಟರಿ ಹಳೆಯದಾದರೆ ಆ ಅರ್ಧ ಗಂಟೆಯಲ್ಲಿ ಅದೇ ಸಾಯಬಹುದು, ಆ ಮಾತು ಬೇರೆ.) ಫಿಯಟ್‌ನವರದು ತಾಯಿಯ ಪಕ್ಷ. 1990ರ ದಶಕದ ಹಲವು ಫಿಯಟ್ ಕಾರುಗಳೊಂದಿಗೆ ದಿನಬಳಕೆಯ ಕೀಗಳ ಜೊತೆ ಒಂದು ಕೆಂಪು ಕೀ ಬರುತ್ತಿತ್ತು. ಅದನ್ನು ಓಡಿಸಲು ಬಳಸುವಂತಿಲ್ಲ. ಹೊಸ ಕೀಗಳನ್ನು ಸಂಸಾರಕ್ಕೆ ಸೇರಿಸಿಕೊಳ್ಳಲು ಮಾತ್ರ. ಜೋಪಾನವಾಗಿ ಇಡಿ ಎಂದಿದ್ದರಿಂದ ಜನ ಎಷ್ಟು ಜೋಪಾನವಾಗಿ ಇಟ್ಟರೆಂದರೆ, ಮೂರನೆಯ ಮಾಲೀಕನ ಕೈಗೆ ಕಾರು ಬರುವ ಹೊತ್ತಿಗೆ ಅದು ಎಲ್ಲಿದೆಯೋ ದೇವರಿಗೇ ಗೊತ್ತು. ಚಿಪ್ ಕೈಕೊಟ್ಟ ದಿನಕ್ಕೆಂದು ಒಂದು ಕಾರ್ಡಿನ ಮೇಲೆ ಐದು ಅಂಕಿ ಬರೆದು ಕೊಡುತ್ತಿದ್ದರು. ದೀಪ ಎಷ್ಟು ಸಲ ಮಿಟುಕಿತು ಎಂದು ಎಣಿಸುತ್ತ ಆಕ್ಸಿಲರೇಟರನ್ನು ಕಾಲಿನಿಂದ ಒತ್ತಿ ಬಿಟ್ಟು ಆ ಅಂಕಿಗಳನ್ನು ಕಾರಿಗೆ ಉಣಿಸಬಹುದಿತ್ತು. ಕೀಬೋರ್ಡ್ ಇಲ್ಲದ ಕಂಪ್ಯೂಟರಿಗೆ ಪೆಡಲೇ ಕೀಬೋರ್ಡ್! ಈ ಉಪಾಯ ಮಾಡಿದವರ ಮೇಲೆ ನನಗೆ ಬಹಳ ಪ್ರೀತಿ.

ಫೋರ್ಡಿನ ಲಕ್ಷಣ ನಮ್ಮ ಬ್ಯಾಂಕ್ ಲಾಕರಿಗೆ ಹತ್ತಿರ. ಲಾಕರಿಗೆ ಎರಡು ಕೀ: ಒಂದು ಮ್ಯಾನೇಜರದು, ಒಂದು ನಿಮ್ಮದು. ಟಾರಸ್‌ಗೂ ಎರಡು ಕೀ, ಆದರೆ ಎರಡೂ ನಿಮ್ಮವೇ. ಕಾರು ಈಗಾಗಲೇ ಬಲ್ಲ ಎರಡು ಬೇರೆ ಬೇರೆ ಕೀಗಳನ್ನು ಒಂದರ ಹಿಂದೊಂದರಂತೆ ತೋರಿಸಿದರೆ ಮೂರನೆಯದನ್ನು ಅದು ಒಪ್ಪಿಕೊಳ್ಳುತ್ತದೆ, ಹೀಗೆ ಎಂಟರವರೆಗೆ. ಯಾಕೆ ಎರಡು? ಗ್ಯಾರೇಜಿನವರಿಗೋ, ಹೋಟೆಲಿನಲ್ಲಿ ಕಾರು ನಿಲ್ಲಿಸುವ ಹುಡುಗನಿಗೋ ನೀವು ಕೊಡುವುದು ಒಂದು ಕೀ. ಒಂದೇ ಸಾಕೆಂದಿದ್ದರೆ ನೀವು ಊಟ ಮುಗಿಸಿ ಬರುವಷ್ಟರಲ್ಲಿ ಅವನ ಜೇಬಿನಲ್ಲೂ ಒಂದು ಹುಟ್ಟಿರುತ್ತಿತ್ತು. ಎರಡನ್ನೂ ಒಟ್ಟಿಗೆ ಹಿಡಿದಿರುವವನು ಮನೆಯವನೇ ಇರಬೇಕು. ಸರಳ, ಪುಕ್ಕಟೆ, ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಅಚ್ಚಾಗಿದೆ. ಆದರೆ ಈ ಪುಟವನ್ನು ಜನ ತೆರೆಯುವುದು ಒಂದು ಕೀ ಕಳೆದ ಮೇಲೆ. ಅಷ್ಟರಲ್ಲಿ ಯಜಮಾನಿಕೆಯಲ್ಲಿ ಅರ್ಧ ಹೋಗಿರುತ್ತದೆ. ನನ್ನದೂ ಹೋಗಿತ್ತು.

ಉಳಿದದ್ದು ಹಿಂಬಾಗಿಲು. 1996ರಿಂದ ಅಮೆರಿಕದಲ್ಲಿ ಮಾರುವ ಪ್ರತಿ ಕಾರಿನಲ್ಲೂ ಸ್ಟಿಯರಿಂಗ್ ಕೆಳಗೆ ಒಬಿಡಿ ಎಂಬ 16 ಪಿನ್ನಿನ ಸಾಕೆಟ್ ಇರಲೇಬೇಕು. ಮೆಕ್ಯಾನಿಕ್‌ಗಳು ಕಾರಿನ ನಾಡಿ ನೋಡುವುದು ಅಲ್ಲೇ. ಅದಕ್ಕೆ ಸಿಕ್ಕಿಸುವ ಒಂದು ಅಡಾಪ್ಟರ್, ಲ್ಯಾಪ್‌ಟಾಪಿಗೆ ಒಂದು ತಂತ್ರಾಂಶ ಹೊಂದಿಸಿಕೊಂಡೆ. ಇನ್ನೊಂದು ಖಾಲಿ ಚಿಪ್ ಕೀಯನ್ನು ಅದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಸಿದೆ. ಶನಿವಾರ ಮಧ್ಯಾಹ್ನ ಕೋಟು, ಟೋಪಿ ಹಾಕಿಕೊಂಡು ತಣ್ಣಗಿನ ಕಾರಿನಲ್ಲಿ ಕೂತು 'ಎಲ್ಲಾ ಕೀಗಳನ್ನು ಅಳಿಸು' ಎಂಬುದನ್ನು ಒತ್ತಿದೆ. ಕೂಡಲೇ ಅಳಿಸುವುದಿಲ್ಲ. ಹತ್ತು ನಿಮಿಷ ಕಾಯಿ ಎಂದಿತು. ಇಲ್ಲೂ ಅದೇ ಹಳೆಯ ತರ್ಕ: ಕಳ್ಳನಿಗೆ ಪುರುಸೊತ್ತಿಲ್ಲ. ಸಿದ್ಧವಾಗಿ ಬಂದ ಕಳ್ಳನಿಗೆ ಹತ್ತು ನಿಮಿಷವೇನು ದೊಡ್ಡದಲ್ಲ ಎಂಬುದೂ ನಿಜ. ಹೆಚ್ಚು ಬಿಗಿ ಮಾಡಿದರೆ ಕೀ ಕಳೆದುಕೊಂಡ ಪೆದ್ದ ಬೀದಿಗೆ ಬೀಳುತ್ತಾನೆ, ಸಡಿಲ ಮಾಡಿದರೆ ಕಳ್ಳ ಗೆಲ್ಲುತ್ತಾನೆ. ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ಯಾರೋ ಹತ್ತು ಎಂದು ಬರೆದಿದ್ದಾರೆ. ಆ ಪೆದ್ದನ ಪರವಾಗಿ ನಾನು ಅವರಿಗೆ ಋಣಿ.

ಹನ್ನೊಂದನೆಯ ನಿಮಿಷಕ್ಕೆ ಕಾರು ಎಲ್ಲವನ್ನೂ ಮರೆಯಿತು. ಈಗ ಅದಕ್ಕೆ ನಾನು ಯಾರೂ ಅಲ್ಲ. ಕಡಿಮೆಯೆಂದರೆ ಎರಡು ಕೀ ಕಲಿಯುವ ತನಕ ಎಂಜಿನ್ ಹತ್ತುವುದಿಲ್ಲ. ಹಳೆಯ ಕೀ ಹಾಕಿ ಆನ್ ಮಾಡಿದೆ, ಒಂದು, ಎರಡು, ಮೂರು ಎಣಿಸಿ ತೆಗೆದೆ. ಹೊಸದನ್ನು ಹಾಕಿದೆ. ಕೆಂಪು ದೀಪ ಪಟಪಟ. ಮತ್ತೆ ಮೊದಲಿನಿಂದ. ಮತ್ತೆ ಪಟಪಟ. ಎದೆ ಡವಗುಟ್ಟಿತು, ಟೋ ಮಾಡುವ ಲಾರಿ, ಡೀಲರ್, ಮುನ್ನೂರು ಡಾಲರ್ ಎಲ್ಲ ಕಣ್ಣ ಮುಂದೆ ಸಾಲಾಗಿ ನಿಂತವು. ಕೈಗವಸು ಬಿಚ್ಚಿ ಕೀ ಹಿಡಿದಾಗ ಹೊಳೆಯಿತು. ಕಳೆಯಬಾರದೆಂದು ಬಹಳ ಜಾಣನಂತೆ ಎರಡನ್ನೂ ಒಂದೇ ಕೀಬಳೆಗೆ ಪೋಣಿಸಿದ್ದೆ! ಒಂದು ತೂತಿನಲ್ಲಿದ್ದಾಗ ಇನ್ನೊಂದು ಅದರ ಪಕ್ಕದಲ್ಲೇ ತೂಗುತ್ತಿತ್ತು. ಕಾರಿನ ಸುರುಳಿ ಎರಡು ಚೊಂಬನ್ನೂ ತುಂಬಿಸಿತು, ಎರಡೂ ಒಟ್ಟಿಗೆ ಬಾಯಿಬಿಟ್ಟವು. ಹಾಜರಿ ಕರೆಯುವಾಗ ಇಬ್ಬರು ಹುಡುಗರು ಒಮ್ಮೆಲೇ ಕೂಗಿದರೆ ಮೇಷ್ಟ್ರಿಗೆ ಯಾರ ಹೆಸರೂ ಕೇಳಿಸದು. ಬೇರೊಂದು ಚಿಪ್ ಕೀಯನ್ನು ಅದೇ ಕೀಬಳೆಯಲ್ಲಿ ಇಡಬೇಡಿ ಎಂದು ಪುಸ್ತಕದಲ್ಲಿ ಬರೆದಿರುವುದನ್ನು ಆಮೇಲೆ ಓದಿದೆ. ಬಿಡಿಸಿ ಒಂದನ್ನು ಎದುರಿನ ಡಬ್ಬದಲ್ಲಿಟ್ಟು ಮತ್ತೆ ಮಾಡಿದಾಗ ದೀಪ ಸುಮ್ಮನಾಯಿತು, ಎಂಜಿನ್ ಹೊಗೆ ಬಿಟ್ಟು ಹತ್ತಿತು.

ಅಪ್ಪನಿಗೆ ಹೇಳಿದಾಗ ಅವರಲ್ಲೂ ಒಂದು ಸುದ್ದಿಯಿತ್ತು. ಅವರ ಮಾರುತಿಯ ಡೂಪ್ಲಿಕೇಟ್ ಕೀ ಮಾಡಿಸಲು ಛತ್ರಿಯ ಕೆಳಗಿನವನ ಹತ್ತಿರ ಹೋದರೆ ಅವನು ಮೊದಲು ಕೇಳಿದ್ದು, "ಚಿಪ್ ಕೀನಾ ಸಾರ್?" ಮಾರುತಿಯವರೂ ಐ-ಕ್ಯಾಟ್ಸ್ ಎಂಬ ಹೆಸರಿನಲ್ಲಿ ಈ ಬೀಜ ಬಿತ್ತಿ ಬಹಳ ವರ್ಷವಾಗಿದೆ. ಅರ ಬದಿಗಿಟ್ಟು ಅವನು ಚೀಲದಿಂದ ಟ್ಯಾಬ್ಲೆಟ್ಟಿನಂಥ ಯಂತ್ರವೊಂದನ್ನು ತೆಗೆದನಂತೆ. ರೇಟು ಎಷ್ಟೆಂದು ಅಪ್ಪ ನನಗೆ ಹೇಳಲಿಲ್ಲ.

ಏಪ್ರಿಲ್ ಎರಡನೆಯ ವಾರ. ಹಿಮದ ಗುಡ್ಡೆ ಕರಗಿ ಕೊಳಕು ಬೂದು ಬಣ್ಣದ ಒಂದು ಚಪ್ಪಡಿಯಷ್ಟಾಗಿತ್ತು, ಅದರ ಅಂಚಿನಲ್ಲಿ ಹಳದಿ ಹುಲ್ಲು. ಅಲ್ಲಿ ಏನೋ ಹೊಳೆಯುವುದನ್ನು ಹೆಂಡತಿಯೇ ಮೊದಲು ಕಂಡಳು. ಏನೂ ಹೇಳದೆ ತಂದು ಊಟದ ಮೇಜಿನ ಮೇಲಿಟ್ಟಳು. ಕೀಬಳೆಗೆ ತುಕ್ಕು ಹಿಡಿದಿತ್ತು, ಕೀ ನೆಟ್ಟಗಿತ್ತು. ಒರೆಸಿ ಒಯ್ದು ಹಾಕಿದೆ. ಬಾಗಿಲು ತೆರೆಯಿತು, ತೂತಿನಲ್ಲಿ ಸಲೀಸಾಗಿ ತಿರುಗಿತು. ಎರಡು ತಿಂಗಳು ಹಿಮದಲ್ಲಿ ಹೂತಿದ್ದರೂ ಒಳಗಿನ ಬೀಜಕ್ಕೆ ಏನೂ ಆಗಿರಲಿಲ್ಲ. ಕಾರು ಕೇಳಿದ್ದಕ್ಕೆ ಮೊದಲಿನಂತೆಯೇ ಉತ್ತರ ಕೊಟ್ಟಿರಬೇಕು. ಕೇಳಿದವರಿಗೆ ಮಾತ್ರ ಅದರ ಪರಿಚಯವಿರಲಿಲ್ಲ. ಫೆಬ್ರವರಿಯ ಆ ಶನಿವಾರ ನಾನೇ ಅಳಿಸಿದ್ದೆ. ಕೆಂಪು ದೀಪ ಪಟಪಟ ಮಿಟುಕಿತು.

ಆದರೆ ಈಗ ನನ್ನ ಹತ್ತಿರ ಕಾರು ಬಲ್ಲ ಕೀಗಳು ಎರಡಿದ್ದವು. ಲ್ಯಾಪ್‌ಟಾಪ್ ಬೇಕಾಗಲಿಲ್ಲ, ಹತ್ತು ನಿಮಿಷವೂ ಬೇಕಾಗಲಿಲ್ಲ. ಮೂರನ್ನೂ ಬೇರೆ ಬೇರೆ ಇಟ್ಟುಕೊಂಡೆ. ಮೊದಲನೆಯದು ಆನ್, ಆಫ್, ಹೊರಗೆ. ಹತ್ತು ಸೆಕೆಂಡಿನೊಳಗೆ ಎರಡನೆಯದು ಆನ್, ಆಫ್, ಹೊರಗೆ. ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಗಡಿಯಾರ ನೋಡಿ ಎಣಿಸುತ್ತಿದ್ದಳು. ಅವಳು ಆರು ಎನ್ನುವಾಗ ಹಿಮದಿಂದ ಎದ್ದು ಬಂದವನನ್ನು ತೂತಿಗೆ ಹಾಕಿ ತಿರುಗಿಸಿದೆ. ಕೆಂಪು ದೀಪ ಈ ಸಲ ಮಿಟುಕಲಿಲ್ಲ. ಮೂರು ಸೆಕೆಂಡು ಒಂದೇ ಸಮನೆ ಉರಿದು ಆರಿತು.